ಭಕ್ತಿಯ ಬೆಲೆ ತೆತ್ತವರು



ನಂಬಿಕೆ ಮತ್ತು ಬರವಣಿಗೆಯ ಬಗ್ಗೆ ಮಾತನಾಡಬೇಕೆಂದು ನನಗೆ ಹೇಳಿದ್ದೀರಿ. ದೇವರು ಇದ್ದಾನೆಯೇ ಇಲ್ಲವೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಅದಕ್ಕೆ ದರ್ಶನಶಾಸ್ತ್ರ ಬಲ್ಲವರಿದ್ದಾರೆ. ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ ಬೇರೆ. ಒಬ್ಬ ಮನುಷ್ಯ ತನ್ನನ್ನು ದೇವರಿಗೆ ಒಪ್ಪಿಸಿಕೊಂಡಾಗ ಅದರ ಬೆಲೆ ತೆರುವವರು ಯಾರು? ಅವನೇ ತೆರುತ್ತಾನೋ, ಅವನ ಮನೆಯವರು ತೆರುತ್ತಾರೋ, ಅವನ ಊರಾಚೆ ಇರುವವರು ತೆರುತ್ತಾರೋ? ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಸಿನಿಮಾ ಟೆಂಟಿನ ನೆಲದ ಮೇಲೆ. ಬೆಳೆದದ್ದು ಹಳಗನ್ನಡ ಪಾಠ ಮಾಡುವಾಗ. ಹಾಗಾಗಿ ಇವತ್ತು ಹರಿಹರನನ್ನೂ ರಾಜ್‌ಕುಮಾರರನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತೇನೆ. ಇಬ್ಬರ ಮೇಲೂ ನನಗೆ ಒಂದೇ ಗೌರವ.

ಹಂಪೆಯ ಹರಿಹರ, ಪಂಡಿತರು ಮೆಚ್ಚುವ ಚಂಪೂವಿನಲ್ಲಿ 'ಗಿರಿಜಾಕಲ್ಯಾಣ'ವನ್ನು ಬರೆಯಬಲ್ಲವನಾಗಿದ್ದ. ಆದರೂ ಶಿವಶರಣರ ಕಥೆ ಹೇಳಹೊರಟಾಗ ರಗಳೆಯನ್ನು ಹಿಡಿದ. ಮನುಷ್ಯರನ್ನು, ಅದರಲ್ಲೂ ಅರಸರನ್ನು ಹೊಗಳುವುದಿಲ್ಲ ಎಂದು ಹಟ ತೊಟ್ಟ ಕವಿ ಅವನು. ಆ ಹಟದ ಫಲವಾಗಿ ಕನ್ನಡ ಕಾವ್ಯದೊಳಗೆ ಬೇಡ ಬಂದ, ಕುಂಬಾರ ಬಂದ, ಊರ ಹೊರಗಿನವರು ಬಂದರು. ತಮಿಳು ನಾಡಿನ ಅರವತ್ತುಮೂವರು ಪುರಾತನರು ನಮ್ಮ ಮನೆಯವರಾದದ್ದು ಬಹುಮಟ್ಟಿಗೆ ಅವನಿಂದ. ಆ ಪುರಾತನರಲ್ಲಿ ಒಬ್ಬ ಕಾಳಹಸ್ತಿಯ ಕಣ್ಣಪ್ಪ.

ಕಣ್ಣಪ್ಪನ ಕಥೆ ನಿಮಗೆಲ್ಲ ಗೊತ್ತು. ಬೇಟೆಯಾಡಿದ ಮಾಂಸವನ್ನು ತಾನು ಕಚ್ಚಿ, ರುಚಿ ನೋಡಿ, ಚೆನ್ನಾಗಿದ್ದ ತುಂಡನ್ನಷ್ಟೇ ಲಿಂಗದ ಮುಂದೆ ಇಡುತ್ತಾನೆ. ಕೈಯಲ್ಲಿ ಬಿಲ್ಲೂ ಮಾಂಸವೂ ಇರುವುದರಿಂದ ಅಭಿಷೇಕದ ನೀರನ್ನು ಬಾಯಲ್ಲೇ ತುಂಬಿ ತರುತ್ತಾನೆ. ಹೂವನ್ನು ತಲೆಗೂದಲಲ್ಲಿ ಸಿಕ್ಕಿಸಿಕೊಂಡು ತರುತ್ತಾನೆ. ಮಡಿಯಿಂದ ಪೂಜಿಸುವ ಅರ್ಚಕ ಇದನ್ನು ಕಂಡು ಕುಸಿದು ಹೋಗುತ್ತಾನೆ. ಕೊನೆಗೆ ಶಿವನ ಕಣ್ಣಲ್ಲಿ ರಕ್ತ ಸುರಿದಾಗ ಬೇಡ ತನ್ನ ಕಣ್ಣನ್ನು ಬಾಣದಿಂದ ಕಿತ್ತು ಅಲ್ಲಿಗೆ ಇಡುತ್ತಾನೆ. ಇನ್ನೊಂದು ಕಣ್ಣಲ್ಲೂ ರಕ್ತ ಬರುತ್ತದೆ. ತನ್ನ ಎರಡನೆಯ ಕಣ್ಣನ್ನೂ ಕಿತ್ತರೆ ಇಡಬೇಕಾದ ಜಾಗ ಕಾಣುವುದಿಲ್ಲವಲ್ಲ ಎಂದು ಗುರುತಿಗೆ ತನ್ನ ಕಾಲನ್ನೇ ಲಿಂಗದ ಮೇಲೆ ಊರುತ್ತಾನೆ. ಲೋಕದ ಯಾವ ಭಕ್ತಿಕಥೆಯಲ್ಲೂ ಇದಕ್ಕಿಂತ ದಿಟ್ಟವಾದ ಗಳಿಗೆಯನ್ನು ನಾನು ಓದಿಲ್ಲ. ದೇವರ ಮೇಲೆ ಕಾಲಿಡುವುದೇ ಅಲ್ಲಿ ಪೂಜೆ.

1954ರಲ್ಲಿ ಎಚ್.ಎಲ್.ಎನ್. ಸಿಂಹ ಇದೇ ಕಥೆಯನ್ನು 'ಬೇಡರ ಕಣ್ಣಪ್ಪ' ಎಂದು ತೆರೆಗೆ ತಂದರು. ಗುಬ್ಬಿ ಕಂಪನಿಯ ನಂಟಿನ ಚಿತ್ರ ಅದು. ಅದೇ ಕಂಪನಿಯಲ್ಲಿ ನಟರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್ ಆ ಚಿತ್ರದಿಂದ ರಾಜ್‌ಕುಮಾರ್ ಆದರು. ರಗಳೆಯ ಒಂದು ಸಾಲನ್ನೂ ಓದಲು ಬಾರದ ಲಕ್ಷಾಂತರ ಜನರಿಗೆ ಪುರಾತನರ ಕಥೆ ಮುಟ್ಟಿದ್ದು ಆ ಬಿಳಿ ಪರದೆಯಿಂದ. ಸಾಹಿತ್ಯ ಚರಿತ್ರೆ ಬರೆಯುವವರು ಈ ಮಾತನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಅದು ಅಧ್ಯಾಯದ ನಡುವೆ ಇರಬೇಕಾದ ಮಾತು ಎಂದು ನನ್ನ ಖಚಿತ ಅಭಿಪ್ರಾಯ.

ಮುಂದಿನ ವರ್ಷಗಳಲ್ಲಿ ರಾಜ್‌ಕುಮಾರ್ ಮಾಡಿದ ಭಕ್ತರ ಪಾತ್ರಗಳನ್ನು ಸಾಲಾಗಿ ನೆನಪಿಸಿಕೊಳ್ಳಿ. 1960ರಲ್ಲಿ ಕನಕದಾಸ, 1962ರಲ್ಲಿ ಕಬೀರ, 1963ರಲ್ಲಿ ತುಕಾರಾಮ, 1974ರಲ್ಲಿ ಗೋರಾ ಕುಂಬಾರ. ಬೇಡ, ಕುರುಬ, ನೇಕಾರ, ಕುಣಬಿ, ಕುಂಬಾರ. ನಡುವೆ 1966ರಲ್ಲಿ ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಪಾತ್ರ. ಹಳ್ಳಿಯ ದೇವಸ್ಥಾನದಲ್ಲಿ ಒಬ್ಬರು ಗರ್ಭಗುಡಿಯ ಬಾಗಿಲಲ್ಲಿ, ಒಬ್ಬರು ನವರಂಗದಲ್ಲಿ, ಇನ್ನೊಬ್ಬರು ಗರುಡಗಂಬದ ಆಚೆ ನಿಲ್ಲುತ್ತಿದ್ದ ಕಾಲದಲ್ಲಿ, ಈ ಎಲ್ಲ ಜಾತಿಯ ಭಕ್ತರಿಗೂ ಒಂದೇ ಮುಖ, ಒಂದೇ ದನಿಯ ಮಾತು ಇತ್ತು. ಪ್ರೇಕ್ಷಕರು ಆ ಮುಖಕ್ಕೆ ಕೈಮುಗಿದರು. ಇದರಿಂದ ಜಾತಿ ಹೋಯಿತು ಎಂದು ನಾನು ಹೇಳುವುದಿಲ್ಲ. ಮುಗಿದ ಕೈಗಳು ಮನೆಗೆ ಹೋದ ಮೇಲೆ ಹಳೆಯ ಲೋಟವನ್ನೇ ಬೇರೆಯಾಗಿ ಇಟ್ಟವು. ಆದರೂ ಟೆಂಟಿನೊಳಗೆ ಆ ಮೂರು ಗಂಟೆ ಎಲ್ಲರೂ ಒಟ್ಟಿಗೆ ಅತ್ತರು. ಆ ಅಳು ಸುಳ್ಳಾಗಿರಲಿಲ್ಲ.

ಗೋರಾ ಕುಂಬಾರನ ಕಥೆಯಾದ 'ಭಕ್ತ ಕುಂಬಾರ'ವನ್ನು ನಾನು ನೋಡಿದ್ದು ಅಂಥ ಒಂದು ಟೂರಿಂಗ್ ಟಾಕೀಸಿನಲ್ಲಿ, ಅಜ್ಜಿಯ ಜೊತೆ. ಘಂಟಸಾಲರ ವೆಂಕಟೇಶನ ಹಾಡು ಮೈಕಿನಲ್ಲಿ ಬಂದರೆ ಟಿಕೆಟ್ಟು ಕೊಡಲು ಶುರುಮಾಡಿದ್ದಾರೆ ಎಂದು ಸುತ್ತಲ ಹಳ್ಳಿಗೆಲ್ಲ ತಿಳಿಯುತ್ತಿತ್ತು. ನಮ್ಮದು ನೆಲದ ಟಿಕೆಟ್ಟು. ಅಜ್ಜಿ ಚಪ್ಪಲಿಯನ್ನು ಹೊರಗೇ ಬಿಟ್ಟು ಬರುತ್ತಿದ್ದಳು. ದೇವರ ಸಿನಿಮಾಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬಾರದು ಎಂಬುದು ಅವಳ ನೇಮ.

ಕಥೆ ಹೀಗಿದೆ. ಗೋರಾ ಮಣ್ಣು ತುಳಿಯುತ್ತಿದ್ದಾನೆ. ಬಾಯಲ್ಲಿ ವಿಠಲನ ನಾಮ. ಹೆಂಡತಿ ನೀರಿಗೆ ಹೋಗಿದ್ದಾಳೆ. ಅಂಬೆಗಾಲಿಡುವ ಮಗು ಅಪ್ಪನತ್ತ ಬಂದು ಆ ಹಸಿಮಣ್ಣಿನೊಳಗೆ ಸೇರುತ್ತದೆ. ಅವನಿಗೆ ಮೈಮೇಲೆ ಎಚ್ಚರವಿಲ್ಲ. ಮಗುವನ್ನೂ ಮಣ್ಣಿನ ಜೊತೆಯೇ ತುಳಿದುಬಿಡುತ್ತಾನೆ. ನನ್ನ ಸುತ್ತ ಕೂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದರು. ಕೊನೆಗೆ ಪಂಢರಪುರದಲ್ಲಿ ದೇವರು ಮಗುವನ್ನು ಮರಳಿ ಕೊಟ್ಟಾಗ ಅದೇ ಹೆಂಗಸರು ಅಳುತ್ತಲೇ ನಕ್ಕರು, ಪರದೆಯತ್ತ ಚಿಲ್ಲರೆ ಎಸೆದರು. ಅಜ್ಜಿ ಎಸೆಯಲಿಲ್ಲ. ಊರ ದಾರಿ ಹಿಡಿದು ಕತ್ತಲಲ್ಲಿ ನಡೆಯುವಾಗ ಹೇಳಿದಳು: "ದೇವ್ರು ಮಗೂನ ಕೊಟ್ಟ, ಸರಿ ಕಣಪ್ಪ. ಅಷ್ಟು ದಿನ ಆ ತಾಯಿ ಕರುಳು ಬೆಂದಿದ್ದನ್ನ ಯಾರು ವಾಪಸ್ ಕೊಡ್ತಾರೆ?"

ಅಜ್ಜಿ ನಾಸ್ತಿಕಳಲ್ಲ. ಸೋಮವಾರ ಒಪ್ಪೊತ್ತು ಮಾಡುತ್ತಿದ್ದವಳು. ಆ ಪ್ರಶ್ನೆ ಕೇಳಿದ್ದರಿಂದ ಅವಳ ಭಕ್ತಿ ಕಡಿಮೆಯಾಗಲಿಲ್ಲ. ಕನ್ನಡ ಎಂ.ಎ. ಮಾಡಿ, ವಿಮರ್ಶೆಯ ಪುಸ್ತಕಗಳನ್ನು ಓದಿ, ಪಾಠ ಹೇಳಿ ನಿವೃತ್ತನಾದ ನನಗೆ ಭಕ್ತಿ ಸಾಹಿತ್ಯವನ್ನು ನೋಡಲು ಅದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಗೋರಾ ಇದ್ದದ್ದು ಮರಾಠಿ ನೆಲದ ತೇರ್ ಎಂಬ ಊರಿನಲ್ಲಿ. ಜ್ಞಾನೇಶ್ವರ, ನಾಮದೇವರ ಸಂಗಾತಿ. ಆ ಸಂತರ ವಿಠಲನಿಗೂ ನಮಗೂ ನಂಟು ಹಳೆಯದು. ಜ್ಞಾನೇಶ್ವರರೇ ಅವನನ್ನು ಕರ್ನಾಟಕದವನೆಂದು ಹಾಡಿದ್ದಾರೆ. ಸಂತರೆಲ್ಲ ಸೇರಿದ್ದಾಗ ಗೋರಾ ಗಡಿಗೆ ತಟ್ಟುವ ಹಲಗೆಯಿಂದ ಒಬ್ಬೊಬ್ಬರ ತಲೆಯನ್ನೂ ತಟ್ಟಿ, ಯಾರು ಬೆಂದಿದ್ದಾರೆ ಯಾರು ಇನ್ನೂ ಹಸಿ ಎಂದು ಪರೀಕ್ಷಿಸಿದ ಕಥೆಯೂ ಇದೆ. ನಾಮದೇವ ಹಸಿ ಎಂದು ತೀರ್ಪಾಯಿತು. ಈ ಗೋರಾನನ್ನು ನಾನು ಪ್ರೀತಿಸುತ್ತೇನೆ. ಆದರೆ ಮಗು ಸತ್ತ ಮೇಲಿನ ಕಥೆಯನ್ನು ಗಮನಿಸಿ. ಹೆಂಡತಿ ಸಂತಿ ಸಿಟ್ಟಾಗಿ ವಿಠಲನನ್ನು ಬಯ್ಯುತ್ತಾಳೆ. ಗೋರಾ ಅವಳ ಮೇಲೆ ಕೈ ಎತ್ತುತ್ತಾನೆ. ನನ್ನನ್ನು ಮುಟ್ಟಿದರೆ ವಿಠಲನ ಆಣೆ ಎನ್ನುತ್ತಾಳೆ ಅವಳು. ಅವನು ಆಣೆಯನ್ನು ಹಿಡಿದು ಕೂರುತ್ತಾನೆ. ವಂಶ ನಿಂತುಹೋಗುತ್ತದೆಂದು ತಂಗಿಯನ್ನೇ ತಂದು ಗಂಡನಿಗೆ ಮದುವೆ ಮಾಡಿಸಬೇಕಾದವಳೂ ಅವಳೇ. ಕೈ ತಾಗಿ ಆಣೆ ಮುರಿಯಿತೆಂದು ಗೋರಾ ತನ್ನ ಕೈಗಳನ್ನು ಕಡಿದುಕೊಳ್ಳುತ್ತಾನೆ. ಆ ಮೇಲೆ ಕೈಯಿಲ್ಲದ ಕುಂಬಾರನ ಮನೆಯಲ್ಲಿ ಒಲೆ ಉರಿಯಬೇಕಾದರೆ ಯಾರು ದುಡಿಯಬೇಕು? ಕಣ್ಣಪ್ಪ ಕೊಟ್ಟದ್ದು ತನ್ನ ಕಣ್ಣನ್ನು. ಗೋರಾ ಕೊಟ್ಟದ್ದರಲ್ಲಿ ಬಹುಪಾಲು ಸಂತಿಯದು.

ಇದೇ ಕಸುಬಿನ ಇನ್ನೊಬ್ಬ ಭಕ್ತ ನಮ್ಮಲ್ಲೇ ಇದ್ದಾನೆ. ಬೀದರ ಜಿಲ್ಲೆಯ ಭಾಲ್ಕಿಯ ಕುಂಬಾರ ಗುಂಡಯ್ಯ. ಹೆಂಡತಿ ಕೇತಲದೇವಿ. ಹರಿಹರ ಅವನ ಮೇಲೆ ಪುಟ್ಟ ರಗಳೆಯೊಂದನ್ನು ಬರೆದಿದ್ದಾನೆ. ಗುಂಡಯ್ಯ ಮಡಕೆ ಮಾಡುತ್ತಾನೆ, ಮಡಕೆ ಬಡಿಯುತ್ತಾನೆ, ಆ ಸದ್ದಿಗೆ ತಾನೇ ಕುಣಿಯುತ್ತಾನೆ. ಮಡಕೆಯ ತಾಳ ಕೈಲಾಸಕ್ಕೆ ಕೇಳಿ ಶಿವ ಇಳಿದು ಬಂದು ಕುಂಬಾರನ ಜೊತೆ ಕುಣಿಯತೊಡಗುತ್ತಾನೆ. ಇಷ್ಟೇ ಕಥೆ. ಪರೀಕ್ಷೆ ಇಲ್ಲ, ಬಲಿ ಇಲ್ಲ, ರಕ್ತದ ಹನಿಯಿಲ್ಲ, ಹೆಂಡತಿಯ ಕಣ್ಣೀರಿಲ್ಲ. ಮಾಡುವ ಕೆಲಸದ ಸದ್ದೇ ಸಾಕಾಗಿದೆ. ಹರಿಹರನ ಛಂದಸ್ಸು ಅಲ್ಲಿ ನಿಜವಾಗಿಯೂ ಕುಣಿಯುತ್ತದೆ. ಜೋರಾಗಿ ಓದಿ ನೋಡಿ, ನಿಮ್ಮ ಕಾಲು ನಿಲ್ಲುವುದಿಲ್ಲ. ತರಗತಿಯಲ್ಲಿ ಅದನ್ನು ಪಾಠ ಮಾಡಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗರು ಡೆಸ್ಕ್ ಬಡಿಯಲು ಶುರುಮಾಡುತ್ತಿದ್ದರು. ನಾನು ತಡೆಯುತ್ತಿರಲಿಲ್ಲ. ಆ ರಗಳೆಗೆ ಅದೇ ಸರಿಯಾದ ವ್ಯಾಖ್ಯಾನ.

ಹೀಗಿದ್ದೂ ನಮ್ಮ ಜನಪ್ರಿಯ ಕಲೆ ಗುಂಡಯ್ಯನಿಗಿಂತ ಗೋರಾನನ್ನು ಹೆಚ್ಚು ಮೆರೆಸಿತು. ಯಾಕೆ? ನಾಟಕಕ್ಕೆ ಸಂಕಟ ಬೇಕು ಎಂಬುದು ಒಂದು ಕಾರಣ. ಮನುಷ್ಯ ಸ್ವಭಾವ ಇನ್ನೊಂದು. ಬೇರೆಯವರು ತ್ಯಾಗ ಮಾಡುವುದನ್ನು ನೋಡಿ ಅಳುವುದರಲ್ಲಿ ನಮಗೊಂದು ಸಮಾಧಾನವಿದೆ. ಅತ್ತ ಮೇಲೆ ನಾವೂ ಏನನ್ನೋ ಕೊಟ್ಟೆವು ಎನಿಸುತ್ತದೆ. ಕೊಟ್ಟಿರುವುದಿಲ್ಲ. ಹರಿಶ್ಚಂದ್ರನ ಕಥೆಯನ್ನೇ ನೋಡಿ. ಹರಿಹರನ ಶಿಷ್ಯ ರಾಘವಾಂಕ ಅದನ್ನು ಕನ್ನಡದ ಮಹಾಕಾವ್ಯವಾಗಿಸಿದ. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ತೆರೆಗೆ ತಂದರು. ನಾವೆಲ್ಲ ಹರಿಶ್ಚಂದ್ರನ ಸತ್ಯವನ್ನು ಕೊಂಡಾಡುತ್ತೇವೆ. ಆ ಸತ್ಯ ಉಳಿಯಲು ಕಾಶಿಯ ಬೀದಿಯಲ್ಲಿ ಮಾರಾಟವಾದವಳು ಚಂದ್ರಮತಿ, ಹಾವು ಕಚ್ಚಿ ಸತ್ತವನು ಲೋಹಿತಾಶ್ವ. ರಾಘವಾಂಕನ ದೊಡ್ಡತನ ಎಲ್ಲಿದೆ ಎಂದರೆ, ಮಗನ ಹೆಣದ ಮೇಲೆ ಬಿದ್ದು ಹೊರಳಾಡುವ ಚಂದ್ರಮತಿಯನ್ನು ಬರೆಯುವಾಗ ಅವನು ಸತ್ಯದ ಗೆಲುವನ್ನು ಮರೆತು ತಾಯಿಯ ಜೊತೆ ನಿಂತುಬಿಡುತ್ತಾನೆ. ಕಾವ್ಯದ ಉದ್ದೇಶ ಒಂದು ಕಡೆ ಎಳೆಯುತ್ತದೆ, ಕವಿಯ ಕರುಳು ಇನ್ನೊಂದು ಕಡೆ. ಕರುಳು ಗೆದ್ದ ಕಡೆಯಲ್ಲೇ ಆ ಕಾವ್ಯ ಇಂದಿಗೂ ಜೀವಂತವಾಗಿದೆ.

ಹೊಸಗಾಲದ ನಮ್ಮ ಬರಹಗಾರರು ಈ ಪ್ರಶ್ನೆಯನ್ನು ಬಿಟ್ಟವರಲ್ಲ. ಕುವೆಂಪು ತಮ್ಮ 'ಬೆರಳ್ಗೆ ಕೊರಳ್' ನಾಟಕದಲ್ಲಿ ಏಕಲವ್ಯನ ಗುರುಭಕ್ತಿಯನ್ನು ಹಾಡಿ ಹೊಗಳಿ ಸುಮ್ಮನಾಗಲಿಲ್ಲ. ಅವನ ತಾಯಿಯನ್ನು ರಂಗಕ್ಕೆ ತಂದರು. ಮಗನ ಬೆರಳು ಹೋದದ್ದಕ್ಕೆ ಆ ತಾಯಿ ಲೆಕ್ಕ ಕೇಳುತ್ತಾಳೆ. ಬೆರಳು ಪಡೆದವರು ಕೊರಳು ತೆರಬೇಕಾಗುತ್ತದೆ. 1965ರ 'ಸಂಸ್ಕಾರ'ದಲ್ಲಿ ಅನಂತಮೂರ್ತಿ ಒಂದಿಡೀ ಅಗ್ರಹಾರದ ಧರ್ಮಜಿಜ್ಞಾಸೆಯನ್ನು ಹರವಿದರು. ಹೆಣ ಕೊಳೆಯುತ್ತಿದೆ, ಶಾಸ್ತ್ರದ ಪುಟ ಮಗುಚುತ್ತಿದ್ದಾರೆ. ಆ ಹೆಣದ ಸಂಸ್ಕಾರಕ್ಕೆಂದು ಮೈಮೇಲಿನ ಚಿನ್ನ ಬಿಚ್ಚಿಟ್ಟವಳು ಸತ್ತವನ ಸಂಗಾತಿ ಚಂದ್ರಿ. ಕೊನೆಗೆ ಯಾರಿಗೂ ತಿಳಿಯದಂತೆ ಹೆಣ ಸುಡಿಸಿದವಳೂ ಚಂದ್ರಿ, ಒಬ್ಬ ಸಾಬರ ನೆರವಿನಿಂದ. ಕಾದಂಬರಿಯ ಚರ್ಚೆಗಳಲ್ಲಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ತಳಮಳಕ್ಕೆ ಸಿಕ್ಕ ಪುಟಗಳನ್ನು ಚಂದ್ರಿಯ ಈ ಕೆಲಸಕ್ಕೆ ಸಿಕ್ಕ ಪುಟಗಳೊಂದಿಗೆ ಹೋಲಿಸಿದರೆ ನಮ್ಮ ವಿಮರ್ಶೆಯೂ ಅಗ್ರಹಾರದಲ್ಲೇ ಕೂತಿದೆ ಎಂದು ನನಗೆ ನೋವಾಗುತ್ತದೆ.

ಅನಂತಮೂರ್ತಿಯವರ ಇನ್ನೊಂದು ಬರಹ ಈ ಉಪನ್ಯಾಸಕ್ಕೆ ಹೆಚ್ಚು ಹತ್ತಿರದ್ದು. 'ಬೆತ್ತಲೆ ಪೂಜೆ ಯಾಕೆ ಕೂಡದು' ಎಂಬ ಪ್ರಬಂಧ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಹರಕೆ ಹೊತ್ತ ಹೆಂಗಸರು, ಗಂಡಸರು, ಮಕ್ಕಳು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟ ಹತ್ತುತ್ತಿದ್ದರು. 1986ರ ಮಾರ್ಚಿನಲ್ಲಿ ಅದನ್ನು ತಡೆಯಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಗುಂಪು ಹಿಡಿದು ಬೆತ್ತಲೆ ಮಾಡಿತು. ಆ ಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಅನಂತಮೂರ್ತಿ ಆ ಪ್ರಬಂಧದಲ್ಲಿ ತಮ್ಮ ಒಬ್ಬ ಚಿತ್ರಕಾರ ಮಿತ್ರರ ಅನುಭವ ಹೇಳುತ್ತಾರೆ. ಹಳ್ಳಿಯ ಗುಡಿಸಲಲ್ಲಿ ಕುಂಕುಮ ಹಚ್ಚಿದ ಕಲ್ಲೊಂದನ್ನು ಬೆಳಕಿಗೆ ತಂದು ಫೋಟೊ ತೆಗೆದ ಮೇಲೆ, ಮೈಲಿಗೆ ಮಾಡಿದೆನೇನೋ ಎಂದು ಆತ ಆತಂಕಪಡುತ್ತಾರೆ. ರೈತ ಶಾಂತವಾಗಿ, ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚಿಕೊಳ್ಳುತ್ತೇನೆ ಬಿಡಿ ಎನ್ನುತ್ತಾನೆ. ನಂಬುವವನ ಆ ನಿರಾಳತೆಯ ಮುಂದೆ ಓದಿದವರ ಆತಂಕ ಎಷ್ಟು ಸಣ್ಣದು ಎಂದು ಲೇಖಕರಿಗೆ ಅನಿಸುತ್ತದೆ.

ಆ ರೈತನಿಗೆ ನಾನೂ ತಲೆಬಾಗುತ್ತೇನೆ. ಆದರೆ ಕಲ್ಲಿಗೂ ಹೆಣ್ಣಿನ ಮೈಗೂ ವ್ಯತ್ಯಾಸವಿದೆ. ಕಲ್ಲು ಬದಲಾದರೆ ಯಾರಿಗೂ ನೋವಿಲ್ಲ. ಚಂದ್ರಗುತ್ತಿಯ ಹಾದಿಯಲ್ಲಿ ನೋಡುವವರ ಸಾಲಿನ ನಡುವೆ ನಡೆದದ್ದು ಬಡವರ ಮನೆಯ ಹೆಣ್ಣುಮಕ್ಕಳ ಮೈ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರೂ ಅಂಥ ಮನೆಯ ಹುಡುಗಿಯರೇ. 1982ರ ದೇವದಾಸಿ ನಿಷೇಧ ಕಾಯ್ದೆ ಬೇಕಾಗಿತ್ತು. 2017ರಲ್ಲಿ ಅಮಾನವೀಯ ಆಚರಣೆಗಳ ವಿರುದ್ಧ ತಂದ ಕಾಯ್ದೆಯೂ ಬೇಕಾಗಿತ್ತು. ಎಂಜಲೆಲೆಯ ಮೇಲೆ ಹೊರಳುವ ಮಡೆಸ್ನಾನ ಅದರ ವ್ಯಾಪ್ತಿಗೆ ಬಂದದ್ದು ಸರಿ. ನಂಬಿಕೆಯನ್ನು ಗೌರವಿಸುವುದೆಂದರೆ ನಂಬಿದವರ ಮೈಯನ್ನೂ ಮಾನವನ್ನೂ ಗೌರವಿಸುವುದು. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ನಂಬದವರು ಭಕ್ತಿಯ ಕಲೆಯನ್ನು ಬರೆಯಬಹುದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಶಿವರಾಮ ಕಾರಂತರನ್ನು ನೋಡಿ ಎನ್ನುತ್ತೇನೆ. ದೇವರ ಬಗ್ಗೆ ಸಂಶಯವನ್ನು ಬಾಳಿನುದ್ದಕ್ಕೂ ಮುಚ್ಚಿಡದವರು. ಅವರೇ 'ಯಕ್ಷಗಾನ ಬಯಲಾಟ'ವನ್ನು ಬರೆದು 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಚೌಕಿಯಲ್ಲಿ ಗಣಪತಿ ಪೂಜೆಯಾಗದೆ ಆಟ ಏಳದ ಕಲೆ ಅದು. 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ ದೇವರುಗಳು ಹುಟ್ಟಿ ಅಳಿದ ಕಥೆಯನ್ನು ಹೇಳಿಸಿದ್ದೂ ಒಬ್ಬ ಹಳ್ಳಿಯ ಅಜ್ಜಿಯಿಂದ. ನಂಬದವರು ನಂಬುವವರನ್ನು ಕೀಳಾಗಿ ಕಾಣದೆ ಹತ್ತಿರ ಕೂತು ಕೇಳಿದರೆ ಎಂಥ ಬರಹ ಹುಟ್ಟುತ್ತದೆ ಎಂಬುದಕ್ಕೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ.

ಕೆಲಸದ ಮೇಲೆ ಕರಾವಳಿಯಲ್ಲಿದ್ದಾಗ ಕಟೀಲು ಮೇಳದ ಹರಕೆಯಾಟಗಳನ್ನು ನಾನು ಬಹಳ ನೋಡಿದ್ದೇನೆ. ಮಗುವಾದರೆ, ಕಾಯಿಲೆ ವಾಸಿಯಾದರೆ ಆಟ ಆಡಿಸುತ್ತೇನೆಂದು ಹೊತ್ತ ಹರಕೆ. 'ದೇವಿ ಮಹಾತ್ಮೆ'ಯ ಮಹಿಷಾಸುರ ದೊಂದಿಯ ಬೆಂಕಿಯ ನಡುವೆ ಜನರ ಮಧ್ಯದಿಂದಲೇ ನುಗ್ಗಿ ಬರುವಾಗ ಅರೆನಿದ್ದೆಯ ಮಕ್ಕಳು ಚೀರಿ ಅಮ್ಮನ ಮಡಿಲಿಗೆ ಬೀಳುತ್ತಾರೆ. ಹರಕೆ ಹೊತ್ತವರು ತಮ್ಮ ದುಡಿಮೆಯ ಹಣ ಕೊಡುತ್ತಾರೆ, ಕಲಾವಿದರಿಗೆ ಸಂಬಳವಾಗುತ್ತದೆ, ಊರಿಗೆಲ್ಲ ಬಿಟ್ಟಿಯಾಗಿ ರಾತ್ರಿಯಿಡೀ ಪುರಾಣ, ಕುಣಿತ, ಭಾಗವತರ ಹಾಡು. ನಂಬಿಕೆ ಹೀಗೆ ಹತ್ತು ಜನರ ಹೊಟ್ಟೆಗೂ ಮನಸ್ಸಿಗೂ ಆಗಿ ಬರುವುದನ್ನು ನೋಡಿದವರು ಅದನ್ನು ಹಗುರಾಗಿ ಮೂಢನಂಬಿಕೆ ಎನ್ನಲಾರರು.

ಅದೇ ಕರಾವಳಿಯ ದೈವಾರಾಧನೆ 2022ರ 'ಕಾಂತಾರ'ದಿಂದ ದೇಶಕ್ಕೆಲ್ಲ ಗೊತ್ತಾಯಿತು. ರಿಷಬ್ ಶೆಟ್ಟಿಯವರ ಆ ಚಿತ್ರದ ಕೊನೆಯ ಭಾಗ ನನ್ನನ್ನು ಕುರ್ಚಿಯಲ್ಲಿ ಅಲುಗಾಡದಂತೆ ಹಿಡಿದಿತ್ತು. ಪಂಜುರ್ಲಿ, ಗುಳಿಗರ ಹೆಸರು ಎಂದೂ ಕೇಳದ ಊರುಗಳಲ್ಲಿ ಜನ ಕೈಮುಗಿದರು. ಬೆನ್ನಿಗೇ ಛದ್ಮವೇಷ, ರೀಲ್ಸ್‌ಗಳಲ್ಲಿ ದೈವದ ವೇಷ ಶುರುವಾಯಿತು. ದೈವ ಕಟ್ಟುವವರು ನೊಂದು, ಇದು ಆಟವಲ್ಲ ಎಂದರು. ಅವರ ನೋವು ನ್ಯಾಯವಾದದ್ದು. ನಲಿಕೆ, ಪರವ, ಪಂಬದ ಸಮುದಾಯದ ಆ ಕಲಾವಿದರು ಪಾಡ್ದನವನ್ನು ಬಾಯಲ್ಲೂ ಗಗ್ಗರದ ಭಾರವನ್ನು ಕಾಲಲ್ಲೂ ತಲೆಮಾರುಗಳಿಂದ ಹೊತ್ತವರು. ನೇಮದ ರಾತ್ರಿ ಊರಿನ ಗುತ್ತಿನವರೇ ಅವರ ನುಡಿಗೆ ತಲೆಬಾಗುತ್ತಾರೆ. ಬೆಳಗಾದ ಮೇಲೆ ಅದೇ ಮನುಷ್ಯ ಜಗಲಿಯ ಕೆಳಗೆ ನಿಂತದ್ದುಂಟು. ಚಿತ್ರ ಬಂದ ತಿಂಗಳಲ್ಲೇ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಪ್ರಕಟಿಸಿತು. ಒಂದು ಸಿನಿಮಾದಿಂದ ಇಷ್ಟಾದರೂ ಆಯಿತಲ್ಲ ಎಂದು ಸಂತೋಷ. ಕೋಟಿಗಟ್ಟಲೆ ಜನ ಟಿಕೆಟ್ಟು ಕೊಂಡು ಪುಲಕಗೊಂಡ ನಂಬಿಕೆಯನ್ನು ಮೈಮೇಲೆ ಹೊತ್ತವರಿಗೆ ಇಷ್ಟು ಸಾಲದು.

ಇಲ್ಲಿರುವ ಬರೆಯುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ವಿನಂತಿ. ಭಕ್ತಿಯ ಕಥೆಗಳನ್ನು ಬಿಡಬೇಡಿ. ಅವು ಹಳತಾದವು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗುಂಡಯ್ಯನ ರಗಳೆಯನ್ನು ಗಟ್ಟಿಯಾಗಿ ಓದಿ, 'ಭಕ್ತ ಕುಂಬಾರ'ವನ್ನು ಮನೆಯ ಹಿರಿಯರ ಪಕ್ಕದಲ್ಲಿ ಕೂತು ನೋಡಿ, ಅವರು ಎಲ್ಲಿ ಅಳುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂದು ಗಮನಿಸಿ. ಆ ಮೇಲೆ ಬರೆಯಿರಿ. ನೀರು ತರಲು ಹೋಗಿ ಬರುವಷ್ಟರಲ್ಲಿ ಮಗುವನ್ನು ಕಳೆದುಕೊಂಡ ಸಂತಿಯ ಬಾಯಿಂದ ಈ ಕಥೆಯನ್ನು ಕನ್ನಡದಲ್ಲಿ ಕೇಳಬೇಕೆಂಬ ಆಸೆ ನನಗಿದೆ. ನಿಮ್ಮಲ್ಲಿ ಯಾರಾದರೂ ಅದನ್ನು ಬರೆದರೆ ದಯವಿಟ್ಟು ನನಗೊಂದು ಪ್ರತಿ ಕಳಿಸಿ.